ಎಂಟು ಎಳೆಯ ದಾರ

ಅವ್ವನ ಶಿವದಾರ ಹೊಸೆಯುವುದು ನನ್ನ ಕೆಲಸವಾಗಿತ್ತು. ನಮ್ಮ ಮನೆಯಲ್ಲಿ ಎಲ್ಲರ ಎದೆಯ ಮೇಲೂ ಇಷ್ಟಲಿಂಗದ ಕರಡಿಗೆ ತೂಗುತ್ತಿತ್ತು. ಅವ್ವನದು ಬೆಳ್ಳಿಯದು, ತವರಿನವರು ಕೊಟ್ಟದ್ದು. ಅದರ ದಾರ ಹಳತಾದಾಗ ಹನ್ನೆರಡು ಎಳೆ ನೂಲು ಸೇರಿಸಿ, ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದು ಹೊಸದು ಮಾಡಬೇಕು. ಒಂಬತ್ತು ವರ್ಷದ ನನಗೆ ಆ ಕೆಲಸದ ಜಂಬ ಇತ್ತು, ತಾಳ್ಮೆ ಇರಲಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ, ಓಣಿಯ ಹುಡುಗಿಯರು ಕುಂಟಬಿಲ್ಲೆಗೆ ಕೂಗಿದರೆಂದು ಎಂಟೇ ಎಳೆಗೆ ಮುಗಿಸಿ ಓಡಿಬಿಟ್ಟೆ. ಅವ್ವ ಅದನ್ನೇ ಕಟ್ಟಿಕೊಂಡಳು.

ಸ್ವಲ್ಪ ದಿನಕ್ಕೆ ಅವ್ವನನ್ನು ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಯಾಕೆಂದು ಯಾರೂ ಹೇಳಲಿಲ್ಲ. ನನ್ನನ್ನೂ ಆರು ವರ್ಷದ ತಂಗಿಯನ್ನೂ ಶಿಕಾರಿಪುರದಲ್ಲಿ ಬಸ್ಸು ಹತ್ತಿಸಿ ಸೊರಬದ ಚಿಕ್ಕಮ್ಮನ ಮನೆಗೆ ಸಾಗಹಾಕಿದರು. ಚಿಕ್ಕಮ್ಮ ಒಳ್ಳೆಯವಳು, ಸುಳ್ಳು ಹೇಳಲು ಮಾತ್ರ ಬಾರದು. ಬೆಳಿಗ್ಗೆ ಕೇಳಿದರೆ "ನಿಮ್ಮ ಅವ್ವಂಗೆ ಹೊಟ್ಟೆನೋವು ಕಣೇ" ಎಂದಳು. ಮಧ್ಯಾಹ್ನಕ್ಕೆ ಅದು ಜ್ವರವಾಗಿತ್ತು. ಸಂಜೆ ಪಕ್ಕದ ಮನೆಯವರ ಹತ್ತಿರ ಏನೋ ಪಿಸುಗುಡುತ್ತಿದ್ದವಳು ನಮ್ಮನ್ನು ಕಂಡದ್ದೇ ಹಪ್ಪಳದ ಮಾತಿಗೆ ಹಾರಿದಳು. ಹಪ್ಪಳದ ಮಾತಾಡಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎಂದು ಈ ದೊಡ್ಡವರಿಗೆ ಯಾರು ಹೇಳಿಕೊಟ್ಟರೋ! ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತಂಗಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಣ್ಣವಳು, ಅವಳಿಗೇನು ಗೊತ್ತು ಅಂದುಕೊಂಡೆ.

ಒಂದೂವರೆ ತಿಂಗಳ ಮೇಲೆ ಊರಿಗೆ ಬಂದೆವು. ಅವ್ವ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು, ತೀರಾ ಇಳಿದುಹೋಗಿದ್ದಳು. ನಕ್ಕು, ಎಡಗೈ ಚಾಚಿ ಕರೆದಳು, ಬಲಗೈ ಎತ್ತಲಿಲ್ಲ. ಅಪ್ಪಿಕೊಳ್ಳಲು ಓಡಿದ ನಾನು ಅರ್ಧಕ್ಕೇ ನಿಂತೆ. ಸೆರಗಿನಡಿ ಸದಾ ಉಬ್ಬಿ ಕಾಣುತ್ತಿದ್ದ ಕರಡಿಗೆ ಅಲ್ಲಿರಲಿಲ್ಲ.

ಲಿಂಗ ಮೈಮೇಲಿಂದ ತಪ್ಪುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅದನ್ನು ಕಳೆದುಕೊಂಡವರು ಬದುಕುವುದಿಲ್ಲ ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ಕತೆ ಹೇಳುವಾಗ ಎಷ್ಟೋ ಸಲ ಅಂದಿದ್ದಳು. ನನ್ನ ತಲೆಯಲ್ಲಿ ಎಲ್ಲ ಕೂಡಿಕೊಂಡಿತು. ನನ್ನ ಎಂಟೆಳೆಯ ದಾರ ಹರಿದಿದೆ, ಲಿಂಗ ಎಲ್ಲೋ ಬಿದ್ದಿದೆ, ಅದಕ್ಕೇ ಅವ್ವ ಸಾಯುತ್ತಾಳೆ. ಹುಡುಕಿ ತಂದರಷ್ಟೇ ಉಳಿಯುತ್ತಾಳೆ.

ಅವ್ವ ಬಟ್ಟೆ ಒಗೆಯುತ್ತಿದ್ದದ್ದು ಕೆರೆಯ ಕಲ್ಲಿನ ಮೇಲೆ. ಮೂರು ದಿನ ಶಾಲೆ ಬಿಟ್ಟದ್ದೇ ತಂಗಿಯನ್ನು ಎಳೆದುಕೊಂಡು ಹೋಗಿ, ಮೊಣಕಾಲುದ್ದ ಇಳಿದು ಕೆಸರು ತಡಕಿದೆ. ಮೂರನೆಯ ದಿನ ಅಜ್ಜಿ ಬಾಗಿಲಲ್ಲೇ ಹಿಡಿದಳು. ನನ್ನ ಲಂಗ ನೋಡಿ ಅವಳು ಬಾಯಿಗೆ ಬಂದಂತೆ ಬೈಯುತ್ತಿರಲು ಒಳಗಿಂದ ಅವ್ವ ಕೇಳಿದಳು, "ಕೆರಿಯಾಗ ಏನ್ ಹುಡುಕ್ತಿದ್ರಿ?"

ನನಗೆ ತಡೆಯಲಾಗಲಿಲ್ಲ. "ನಿನ್ನ ಲಿಂಗ! ನಾನ ಎಂಟ ಎಳಿ ಹಾಕಿದ್ದೆ" ಎಂದು ಗೊಳೋ ಎಂದು ಅತ್ತೆ.

ಅವ್ವ ಇಬ್ಬರನ್ನೂ ಕೋಣೆಗೆ ಕರೆದಳು. ರವಿಕೆಯ ತೋಳು ಮೇಲೆ ಸರಿಸಿದಳು. ಎಡತೋಳಿಗೆ ಬಿಗಿದ ಬೆಳ್ಳಿ ಕರಡಿಗೆ, ಅದೇ ನನ್ನ ದಾರದಲ್ಲಿ!

"ಹರಿದಿಲ್ಲವ್ವ ನಿನ್ನ ದಾರ. ಎಂಟ ಎಳಿ ಅಂತ ಕಟ್ಕೊಂಡ ದಿನಾನ ಗೊತ್ತಾತು. ಆಟಕ್ಕ ಓಡಿದ್ದೂ ಗೊತ್ತು." ಆಮೇಲೆ ಸೆರಗು ಸರಿಸಿ ತೋರಿಸಿದಳು. ಬಲಗಡೆ ಎದೆ ಇರಲಿಲ್ಲ. ಉದ್ದಕ್ಕೆ ಹೊಲಿಗೆಯ ಗೆರೆ. "ಇದರಾಗ ಒಂದು ಗಡ್ಡಿ ಬೆಳದಿತ್ತು. ಡಾಕ್ಟರು ತಗದಾರ. ಈ ಗಾಯಕ್ಕ ತಗಲ್ತೈತಿ ಅಂತ ಕರಡಿಗಿ ತೋಳಿಗೆ ಕಟ್ಕೊಂಡೀನಿ. ಈ ರೋಗಕ್ಕ ಕ್ಯಾನ್ಸರ್ ಅಂತಾರ."

"ಮಕ್ಕಳ ಮುಂದ ಅದರ ಹೆಸರು ಯಾಕ ತಗೀತಿ?" ಬಾಗಿಲಾಚೆಯಿಂದ ಅಜ್ಜಿ ಗದರಿದಳು.

"ಕೆಸರು ತಡಕೋದಕ್ಕಿಂತ ಹೆಸರು ಕೇಳೋದು ಚೊಲೊ ಅಲ್ಲೇನ್ರೀ ಅತ್ತಿ?" ಅವ್ವ ನನ್ನ ಕಡೆ ತಿರುಗಿದಳು. "ದಾರಕ್ಕೂ ಇದಕ್ಕೂ ಏನೂ ಸಂಬಂಧಿಲ್ಲ. ನೀ ಏನೂ ಮಾಡಿಲ್ಲ. ಮತ್ತ ಬಂದ್ರ ನಿನಗ ಹೇಳ್ತೀನಿ, ಯಾರ ಮುಖಾನೂ ನೋಡಿ ಲೆಕ್ಕ ಹಾಕಬ್ಯಾಡ."

ನನ್ನ ಎದೆಯ ಭಾರ ಇಳಿಯಿತು. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ತಂಗಿ ಮಾತ್ರ ಗಾಯ ಕಂಡದ್ದೇ ಹೊರಗೆ ಓಡಿದ್ದಳು. ಹೆದರಿದಳು ಅಂದುಕೊಂಡೆ.

ಎರಡು ವರ್ಷ ಅವ್ವ ಚೆನ್ನಾಗಿದ್ದಳು. ಬಲಗೈಯಲ್ಲಿ ರೊಟ್ಟಿ ಬಡಿಯುವಷ್ಟಾದಳು, ನನ್ನನ್ನು ಬೈಯುವಷ್ಟೂ ಆದಳು. ಆಮೇಲೊಂದು ಮಧ್ಯಾಹ್ನ, ನಾನು ದಾರ ಹೊಸೆಯುತ್ತಿದ್ದಾಗ ಪಕ್ಕ ಬಂದು ಕೂತಳು. "ಮತ್ತ ಬಂದೈತಿ. ಈ ಸಲ ಕಂಕುಳಾಗ. ನಿಮ್ಮಪ್ಪಗ ಸಂಜಿ ಹೇಳ್ತೀನಿ." ಕೊಟ್ಟ ಮಾತಿನಂತೆ ಮೊದಲು ನನಗೇ ಹೇಳಿದ್ದಳು. ನಾನು ಹನ್ನೆರಡು ಎಳೆಯನ್ನೂ ಹೊಸೆದು ಮುಗಿಸಿದೆ. "ತಂಗಿಗೆ ನೀನ ಹೇಳು. ನೀ ಹೇಳಿದ್ರ ಅಕಿ ಕೇಳ್ತಾಳ" ಎಂದಳು.

ಹಿತ್ತಲಲ್ಲಿ ಸೌತೆ ಬಳ್ಳಿಗೆ ನೀರು ಹಾಕುತ್ತಿದ್ದ ತಂಗಿಗೆ ಹೇಳಿದೆ. ತಂಬಿಗೆ ಕೆಳಗಿಟ್ಟು ಅವಳು ಕೇಳಿದಳು, "ನಾ ಕಚ್ಚಿದ್ದಕ್ಕಾ?"

ನನಗೆ ಮೊದಲು ತಿಳಿಯಲೇ ಇಲ್ಲ. ತಂಗಿ ಮೂರು ವರ್ಷದವರೆಗೂ ಅವ್ವನ ಹಾಲು ಬಿಟ್ಟಿರಲಿಲ್ಲ. ಬಿಡಿಸಲು ಅರೆದ ಬೇವು ಹಚ್ಚಿದಾಗ ಸಿಟ್ಟಿಗೆ ಅವ್ವನ ಎದೆ ಕಚ್ಚಿದ್ದಳು. ಮನೆಗೆ ಬಂದವರ ಮುಂದೆಲ್ಲ "ಅವ್ವನ್ನ ಕಚ್ಚಿದ ಹುಲಿಮರಿ" ಎಂದು ಅವಳನ್ನು ಆಡಿಸುತ್ತಿದ್ದವರಲ್ಲಿ ನಾನೇ ಮುಂದೆ. ಅವತ್ತು ಕೋಣೆಯಲ್ಲಿ ಅವ್ವ ಉತ್ತರ ಕೊಟ್ಟದ್ದು ನನ್ನ ಪ್ರಶ್ನೆಗೆ. ತಂಗಿಯದನ್ನು ಯಾರೂ ಕೇಳಿರಲಿಲ್ಲ. ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ನಾನೂ ಕೇಳಿರಲಿಲ್ಲ.

ಅವಳ ಕೈ ಹಿಡಿದು ಅವ್ವನ ಹತ್ತಿರ ಕರೆದೊಯ್ದು, "ಇಕಿಗೂ ಹೇಳು" ಎಂದೆ. ತಂಗಿ ಕೇಳಿದ್ದನ್ನು ನಾನು ಹೇಳಿದ್ದೇ ಅವ್ವ ಅವಳನ್ನು ಮಡಿಲಿಗೆಳೆದುಕೊಂಡಳು. ಎಂಟು ವರ್ಷದ ಹುಡುಗಿ, ಕಾಲುಗಳು ನೆಲಕ್ಕೆ ತಾಗುತ್ತಿದ್ದವು. "ಅಲ್ಲವ್ವ ನನ್ನ ಕೂಸ, ಅಲ್ಲ. ಇಷ್ಟು ದಿನ ಒಬ್ಬಾಕೀನ ಇದನ್ನ ಹೊತ್ಕೊಂಡು ತಿರಗಿದ್ಯಾ?"

ರೋಗ ಬಂದಾಗ, ಎದೆ ಹೋದಾಗ, ಅದು ಮತ್ತೆ ಬಂದಿತೆಂದು ಹೇಳುವಾಗಲೂ ಅವ್ವ ನಮ್ಮೆದುರು ಅತ್ತವಳಲ್ಲ. ಅವತ್ತು ತಂಗಿಯ ತಲೆಯ ಮೇಲೆ ಗದ್ದ ಊರಿ ಅತ್ತಳು.