ಚಾಚಾನ ಹಸಿರು ಬೆಂಚು

ನಾನು ಚಿಕ್ಕವನಿದ್ದಾಗ ಬೀದರಿನ ನಮ್ಮ ಓಣಿಯ ಬೇವಿನ ಮರದ ಕೆಳಗೆ ಹಸಿರು ಬಣ್ಣ ಬಳಿದ ಕಬ್ಬಿಣದ ಬೆಂಚೊಂದಿತ್ತು. ಅದು ಪಕ್ಕದ ಮನೆಯ ಚಾಚಾನದು. ಚಾಚಾ ಬಿದರಿ ಕೆಲಸದವರು, ಕಪ್ಪು ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಕೂರಿಸುವವರು. ಅವರ ಮಗ ನನ್ನ ಓರಗೆಯವನು, ನನಗಿದ್ದ ಒಬ್ಬನೇ ಗೆಳೆಯ. ಶಾಲೆ ಬಿಟ್ಟರೆ ನಮ್ಮಿಬ್ಬರ ಠಿಕಾಣಿ ಆ ಬೆಂಚೇ. ಬಿಸಿಲಿಗೆ ಕಾದ ಕಬ್ಬಿಣ ತೊಡೆಗೆ ಚುರ್ರೆನ್ನುತ್ತಿತ್ತು, ಆದರೂ ಏಳುತ್ತಿರಲಿಲ್ಲ.

ಬೆಂಚು ತೊಳೆಯುವ ವಿಷಯದಲ್ಲಿ ಚಾಚಾ ಬಲು ಕಟ್ಟುನಿಟ್ಟು. ಅಂಟುವಾಳ ನೆನೆಸಿದ ನೀರಿನಲ್ಲಿ ಹಳೆಯ ಧೋತರದ ತುಂಡು ಅದ್ದಿ ಮೆಲ್ಲಗೆ ಒರೆಸಬೇಕು. ಕಾಗೆಯ ಹಿಕ್ಕೆ, ಬೇವಿನ ಹಣ್ಣಿನ ಅಂಟು ಒಣಗುವುದರೊಳಗೆ ತೆಗೆಯಬೇಕು. ಮರಳನ್ನಾಗಲಿ ಇಟ್ಟಂಗಿ ಪುಡಿಯನ್ನಾಗಲಿ ಹತ್ತಿರ ತರಬಾರದು. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಬೇಕು. "ಬಣ್ಣ ಅಂದ್ರ ಕಬ್ಬಿಣಕ್ಕ ಚರ್ಮ ಇದ್ದಂಗ, ಬೇಟಾ. ಅದು ಸುಲೀಬಾರದು," ಅನ್ನುತ್ತಿದ್ದರು.

ಆಗ ನಮ್ಮದು ನಿಜಾಮನ ಹೈದರಾಬಾದ್ ಸಂಸ್ಥಾನ. ನಿಜಾಮನ ಪರ ಹಾವಳಿ ಎಬ್ಬಿಸಿದ್ದ ರಜಾಕಾರರ ಹೆದರಿಕೆಗೆ ನಮ್ಮ ಮನೆಯವರು ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತಿದ್ದರು. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ಸೈನ್ಯ ಬಂತು. ಈಗ ಹೆದರುವ ಸರದಿ ಚಾಚಾನ ಮನೆಯವರದು. ಒಂದು ಬೆಳಿಗ್ಗೆ ಅವರು ಗಾಡಿಗೆ ಸಾಮಾನು ತುಂಬಿ ಹೈದರಾಬಾದಿಗೆ ಹೊರಟರು. ಬೆಂಚಿಗೆ ಗಾಡಿಯಲ್ಲಿ ಜಾಗವಿರಲಿಲ್ಲ. ಅಪ್ಪ ಅದನ್ನು ನಮ್ಮ ಅಂಗಳಕ್ಕೆ ಹೊರಿಸಿ ತಂದು, "ಇದು ಅವ್ರು ನಂಬಿ ಇಟ್ಟ ಅಮಾನತ ಅದ. ಅವ್ರು ಬರೋತನಕ ಜ್ವಾಕಿ ಮಾಡ್ಬೇಕು," ಎಂದರು. ಹಾಗಾದರೆ ಬಂದೇ ಬರುತ್ತಾರೆ ಅಂತ ನಾನು ತಿಳಿದೆ.

ಅದೇ ವರ್ಷ ಅಕ್ಕ ಲಗ್ನವಾಗಿ ಭಾಲ್ಕಿಗೆ ಹೋದಳು. ಅವ್ವ ಮೊದಲೇ ಇರಲಿಲ್ಲ. ಅಪ್ಪ ಕಚೇರಿಯಿಂದ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಇಡೀ ಬೆಂಚಿಗೆ ನಾನೊಬ್ಬನೇ ಒಡೆಯ. ಆದರೆ ಅದರ ಮೇಲೆ ಕೂತರೂ ಅಳು, ಒರೆಸಹೋದರೂ ಅಳು. ಮುಟ್ಟುವುದನ್ನೇ ಬಿಟ್ಟೆ. ಒಂದು ಮಳೆಗಾಲ ಹಾಗೇ ಹೋಯಿತು. ಹಿಕ್ಕೆ ಗಟ್ಟಿಯಾಗಿ ಹತ್ತಿಕೊಂಡಿತು, ಬಣ್ಣ ಅಲ್ಲಲ್ಲಿ ಉಬ್ಬಿ ಒಡೆಯಿತು, ಒಳಗಿಂದ ಕೆಂಪು ತುಕ್ಕು ಇಣುಕಿತು.

ಒಂದು ದಿನ ಬೆಳಿಗ್ಗೆ ಅಪ್ಪ, "ನಾಳಿ ಚಾಚಾ ಬರ್ತಾರಂತ," ಎಂದರು. ಬೆಂಚಿನ ಈ ಗತಿ ನೋಡಿದರೆ ಅವರು ಮತ್ತೆ ನಮ್ಮ ನೆರೆಗೆ ಯಾಕೆ ಬಂದಾರು? ಹೊಸದರಂತೆ ಮಾಡಿಟ್ಟರೆ ಮಾತ್ರ ಉಳಿಯುತ್ತಾರೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂಟುವಾಳದಿಂದ ಆಗುವ ಕೆಲಸವಲ್ಲ ಇದು. ಆಗ ಚಾಚಾನ ಕೈಚಳಕ ನೆನಪಾಯಿತು. ಕೋಟೆಯೊಳಗೆ ಬಿಸಿಲು ಬೀಳದ ಮೂಲೆಯ ಮಣ್ಣು ತಂದು, ನವಸಾಗರವೆಂಬ ಉಪ್ಪಿನ ಜೊತೆ ಕುದಿಸಿ ತಿಕ್ಕಿದರೆ ಜಸ್ತದ, ಅಂದರೆ ಸತುವಿನ, ಬೂದು ಹೂಜಿ ಕಣ್ಣೆದುರೇ ಕಪ್ಪಾಗಿ ಮಿಂಚುತ್ತಿತ್ತು. ಹೂಜಿಗೆ ಆಗುವುದು ಬೆಂಚಿಗೇಕೆ ಆಗಬಾರದು? ಅಲ್ಪವಿದ್ಯೆ ಮಹಾಗರ್ವಿ ಅಂದರೆ ನಾನೇ ನೋಡಿ.

ಕೋಟೆಗೆ ಒಬ್ಬನೇ ಹೋದೆ. ಮಣ್ಣು ತರಲು ಅದುವರೆಗೆ ಗೆಳೆಯನಿಲ್ಲದೆ ಹೋದವನಲ್ಲ. ಬಾವಲಿಯ ವಾಸನೆ, ತಂಪು ಕತ್ತಲೆ, ನನ್ನದೇ ಹೆಜ್ಜೆಯ ಸಪ್ಪಳ. ಚಾಚಾ ಮಾಡುತ್ತಿದ್ದಂತೆ ಮಣ್ಣನ್ನು ನಾಲಗೆಗೆ ಹಚ್ಚಿ ನೋಡಿದೆ. ಅವರಿಗೆ ಏನು ರುಚಿ ಸಿಗುತ್ತಿತ್ತೋ, ನನಗೆ ಬರೀ ಉಪ್ಪುಪ್ಪು. ಪೇಟೆಯಲ್ಲಿ ನವಸಾಗರ ಕೊಂಡು, ಕುದಿಸಿ, ಸಂಜೆಯತನಕ ಕೈಬೆರಳು ಉರಿಯುವಂತೆ ತಿಕ್ಕಿದೆ. ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕಪ್ಪು ಹೊಳಪು ಬೆಳಗಾಗುವಷ್ಟರಲ್ಲಿ ಬರುತ್ತದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ನೋಡಿದರೆ ಬೆಂಚು ಉದ್ದಕ್ಕೂ ಕೆಂಪಾಗಿತ್ತು. ಮುಟ್ಟಿದರೆ ಅಂಗೈಗೆ ತುಕ್ಕು ಹತ್ತಿತು. ಮಧ್ಯಾಹ್ನ ಚಾಚಾ ಬಂದರು, ಒಬ್ಬರೇ. ಬಾಗಿಲತ್ತ ನೋಡಿ ನಾನು ಕೇಳಿದೆ, "ಅವ ಬರ್ಲಿಲ್ಲೇನ್ರಿ?"

"ಅವಗ ಅಲ್ಲಿ ಸಾಲಿ ಅದ, ಬೇಟಾ. ಹೊಸ ದೋಸ್ತರು ಸಿಕ್ಕಾರ. ನಾ ಮನಿ ಮಾರ್ಲಾಕ ಬಂದೀನಿ."

ಆಮೇಲೆ ಅವರು ಬೆಂಚು ನೋಡಿದರು. ಬೆರಳಿನಿಂದ ಮಣ್ಣು ತೆಗೆದು ಮೂಸಿದರು. "ಇದು ಜಸ್ತದ ದವಾ. ಕಬ್ಬಿಣಕ್ಕ ವಿಷ," ಎಂದರು ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇರುವವರು ಬೈಯುತ್ತಾರೆ, ಹೊರಟವರು ಬೈಯುವುದಿಲ್ಲ. ಅಂಗಿಯ ತೋಳು ಮಡಚಿ ನನ್ನ ಜೊತೆ ಕೂತು ನೀರು ಹೊಯ್ದು ತೊಳೆದು, ತುಕ್ಕು ಕೆರೆದು, ಬಿಸಿಲಿಗೆ ಒಣಗಿಸಿ, ಅಗಸೆ ಎಣ್ಣೆ ಹಚ್ಚಿಸಿದರು. ಕೈ ಒರೆಸಿಕೊಂಡು, ಆಗತಾನೇ ಕಚೇರಿಯಿಂದ ಬಂದ ಅಪ್ಪನಿಗೆ, "ಬೆಂಚು ನಿಮ್ಮ ಪೋರಗ ಇರ್ಲಿರಿ," ಎಂದರು. ಬೆಂಚು ನನ್ನದಾಯಿತು. ನನಗೆ ಬೇಕಾದದ್ದು ಅದಾಗಿರಲಿಲ್ಲ. ಅವರು ಓಣಿ ದಾಟುವತನಕ ತಡೆದುಕೊಂಡು, ಒಳಗೆ ಹೋಗಿ ಅತ್ತೆ.

ಮಕ್ಕಳೇ, ನಿಮ್ಮ ಮಾಳಿಗೆಯ ಮೇಲಿನ ಕಬ್ಬಿಣದ ಕುರ್ಚಿಗಳಿಗೆ ಕಾರ್ಖಾನೆಯಲ್ಲೇ ಗಟ್ಟಿ ಬಣ್ಣ ಹಾಕಿ ಕಳಿಸುತ್ತಾರೆ. ಸೋಪಿನ ನೀರು, ಮೆತ್ತನೆ ಬಟ್ಟೆ ಇದ್ದರೆ ಮುಗಿಯಿತು. ನೀವೋ, ಅದನ್ನೂ ನಾನು ಮೂರು ಸಲ ಗದರದೆ ಮಾಡುವವರಲ್ಲ. ನಿಮ್ಮ ಗೆಳೆಯ ಹೋದ ತಿಂಗಳು ಪುಣೆಗೆ ಹೋದ. ಅದೇ ಸಂಜೆ ಫೋನಿನಲ್ಲಿ ಅವನ ಮುಖ ನೋಡುತ್ತ ಕಿತ್ತಾಡುತ್ತಿದ್ದಿರಿ. ನನ್ನ ಗೆಳೆಯನ ಪತ್ತೆ ನನಗೆ ಇವತ್ತಿಗೂ ಇಲ್ಲ. ಹೈದರಾಬಾದಿನ ಬಸ್ಸಿನಲ್ಲಿ ನನ್ನ ವಯಸ್ಸಿನ ಯಾರು ಪಕ್ಕಕ್ಕೆ ಬಂದು ಕೂತರೂ, "ನಿಮ್ದು ಮೂಲ ಯಾವೂರ್ರಿ?" ಎಂದು ಕೇಳುತ್ತೇನೆ. ಅಜ್ಜನಿಗೆ ಹುಚ್ಚು ಅಂತ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಮುಂದಿನ ಸಲವೂ ಕೇಳುತ್ತೇನೆ.