ರೊಟ್ಟಿ ಬಡಿದ ಅರ್ಥಶಾಸ್ತ್ರಜ್ಞರು

ನಮ್ಮ ಅಡಿಗೆಮನೆಯ ಬಾಗಿಲು ಗಿಡ್ಡ, ಅವರು ಆರಡಿ ಮೀರಿದವರು. ಹಣೆಯ ಮೇಲಿನ ಒಂದು ಬಾವು ಇಳಿಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಮೈಸೂರು ಕಡೆಯವರು, ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಜನ ದೇವರ ಹೆಸರಿನಲ್ಲಿ ಯಾಕೆ ಕೊಡುತ್ತಾರೆ ಎಂಬುದೇ ಅವರ ಅಭ್ಯಾಸದ ವಿಷಯ. ಇಂಡಿ, ಮುದ್ದೇಬಿಹಾಳ ಸುತ್ತಿ, ಶ್ರಾವಣಕ್ಕೆ ಬಾಗೇವಾಡಿ ಹತ್ತಿರದ ನಮ್ಮೂರಿಗೆ ಬಂದು ನಮ್ಮ ಮೇಲಿನ ಕೋಣೆ ಹಿಡಿದರು. ಚಹಾ ಕುಡಿದ ಕಪ್ಪನ್ನು ತಾವೇ ತೊಳೆದಿಡುತ್ತಿದ್ದರು.

ನಮ್ಮೂರ ಮಠದಲ್ಲಿ ಓದುವ ಮಕ್ಕಳು ಇದ್ದಾರೆ. ಅವರ ಸಂಜೆಯ ಊಟಕ್ಕೆ ಮನೆಮನೆಯಿಂದ ಜೋಳದ ರೊಟ್ಟಿ ಹೋಗುತ್ತದೆ. ಸೆರಗಿನಡಿ ಒಯ್ದು ದೊಡ್ಡ ಬುಟ್ಟಿಗೆ ಹಾಕಿ ಬರುವುದು ರೂಢಿ. ಯಾರದು ಎಷ್ಟು ಎಂದು ಯಾರೂ ನೋಡುವುದಿಲ್ಲ. ಇವರು ನೋಡಿದರು. ಹೆಸರು ಕಂಡರೆ ಜನ ಇನ್ನಷ್ಟು ಕೊಡುತ್ತಾರೆಂದು ನಂಬಿ, ಯಾವ ಮನೆಯಿಂದ ಎಷ್ಟು ರೊಟ್ಟಿ ಎಂದು ಬರೆದು ಮಠದ ಬಾಗಿಲಿಗೆ ಹಚ್ಚಿದರು.

ಅತ್ತೆಗೆ ಜ್ವರವಿದ್ದು, ಹೆಚ್ಚು ರೊಟ್ಟಿ ಬಡಿಯಲಾಗದ ವಾರ ಅದು. ನಮ್ಮ ಮನೆಯ ಹೆಸರಿನ ಮುಂದೆ ‘ಮೂರು’ ಎಂದಿತ್ತು. ಮರುದಿನ ನಾನು ಹೋಗಲಿಲ್ಲ. ನನ್ನಂಥವರು ಬಹಳ ಮಂದಿ ಇದ್ದರು. ಮೂರನೆಯ ಸಂಜೆ ಬುಟ್ಟಿಯ ತಳ ಕಂಡಿತು. ಮಕ್ಕಳು ಅರೆಹೊಟ್ಟೆಯಲ್ಲಿ ಎದ್ದರು.

ಅವರು ಬಂದು ನನ್ನ ಒಲೆಯ ಮುಂದೆ ಕೂತರು. “ಅಕ್ಕಾ, ನಾನೇನು ತಪ್ಪು ಮಾಡಿದೆ?”

“ಬುಟ್ಟಿಗಿ ಬಿದ್ದ ಮ್ಯಾಲ ರೊಟ್ಟಿ ಯಾರದೂ ಅಲ್ರಿ ಸರ್. ನೀವು ಅದಕ್ಕ ಮನಿ ಹೆಸರು ಹಚ್ಚಿದ್ರಿ. ಮೂರು ಕೊಟ್ಟಾಕಿ ಹೆಂಗ ಮಾರಿ ತೋರಸ್ಬೇಕು?”

ಎದ್ದು ಹೋಗಿ ಪಟ್ಟಿ ಹರಿದು ಬಂದರು. “ನನಗೂ ರೊಟ್ಟಿ ಬಡಿಯೋದು ಕಲಿಸಿ” ಅಂದರು.

“ಇದು ನಿಮ್ಮ ಮೈಸೂರ ಕಡೆ ರಾಗಿ ಮುದ್ದಿ ಅಲ್ರಿ,” ಎಂದೆ. ಕೇಳಲಿಲ್ಲ. ಬೆರಳು ಸುಟ್ಟುಕೊಂಡು, ಅರ್ಧ ಪರಾತ ಹಿಟ್ಟು ಕೆಡಿಸಿ, ಅಂಕುಡೊಂಕಾದ ಎರಡೇ ಎರಡು ಮಾಡಿದರು. ತಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಓಣಿಯಲ್ಲಿ ಮಠದ ಕಡೆ ಹೊರಟರು.

ಎದುರುಮನೆಯ ಕಾಕಿ ಬಿಡುತ್ತಾಳೆಯೇ? “ಏನ್ರಿ ಸಾಹೇಬ್ರ, ಯಾವ ತಾಲೂಕಿನ ನಕಾಶೆರಿ ಇವು?”

“ಮೇಲಿಂದು ಇಂಡಿ, ಕಾಕಿ. ಸಿಂದಗಿ ಹಂಚಿನ ಮೇಲೇ ಹರಿದುಹೋಯ್ತು.”

ಓಣಿಗೆ ಓಣಿಯೇ ನಕ್ಕಿತು. “ತಡೀರಿ, ಒಬ್ಬರ ಹೋಗಬ್ಯಾಡ್ರಿ, ನಾನೂ ಬರ್ತೇನಿ,” ಎಂದು ಕಾಕಿ ಒಳಗೆ ಹೋದಳು. ನಾನೂ ಮನೆಯಲ್ಲಿದ್ದಷ್ಟನ್ನು ಎತ್ತಿಕೊಂಡು ಹಿಂದೆ ನಡೆದೆ. ಆ ಸಂಜೆ ಮಕ್ಕಳು ಕೇಳಿ ಹಾಕಿಸಿಕೊಂಡು ಉಂಡರು.

ಈಗ ಎರಡೇ ರೊಟ್ಟಿ ಇದ್ದರೂ ನಾಚದೆ ಒಯ್ಯುತ್ತೇನೆ. ಅದು ಅವರ ಋಣ.

ಹೋದ ವರ್ಷ ಅವರ ಪುಸ್ತಕ ಬಂತು. ಮಗಳು ಓದಿ ಹೇಳಿದಳು: ತಪ್ಪು ತಮ್ಮದು, ತಿದ್ದಿದವಳು ಊರಿನ ಒಬ್ಬ ಹೆಣ್ಣುಮಗಳು ಎಂದು ಬರೆದಿದ್ದಾರಂತೆ.

“ನಿನ್ನ ಹೆಸರ ಹಾಕಿಲ್ಲವ್ವಾ!” ಎಂದು ಸಿಟ್ಟಾದಳು.

“ಸರ್ ಕಲತಾರ ಬಿಡವ್ವಾ,” ಎಂದೆ.