ನಾಯಿಗೊಂದು ಬ್ಯಾರೆ ಚೀಲ

ಇವತ್ತಿಗೂ ನೆನಸಿಕೊಂಡ್ರ ಮೈ ಉರಿತೈತಿ. ಎಂಬತ್ತನೇ ಇಸವಿ ಸುಮಾರಿಗೆ ನಾನು ಮಚ್ಛೆ ಅನ್ನೂ ಊರಾಗ ಒಂದು ಸಣ್ಣ ಫ್ಯಾಕ್ಟರಿಯೊಳಗ ಸ್ಟೋರ್ ನೋಡಿಕೊಳ್ತಿದ್ದೆ. ಗೇಟ್ ಕಾಯಾಕ ಒಂದು ಜೋಡಿ ನಾಯಿ ಇದ್ದವು. "ಅವಕ್ಕ ಸೋವಿ ಕಾಳು ತರ್ರಿ, ಆದ್ರ ಜಡ್ಡು ಬರಬಾರದು" ಅಂತ ಮಾಲಕರ ಅಪ್ಪಣೆ. ಖಾನಾಪುರದಾಗ ಅಕ್ಕಿ ನುಚ್ಚು ಅಗ್ಗ ಅಂತ ಕೇಳಿ ಅಲ್ಲಿಯ ಅಂಗಡಿಗೆ ಹೋದೆ. ನಮ್ಮ ಮನಿಗೂ ನುಚ್ಚು ಬೇಕಾಗಿತ್ತು, ಎರಡು ಚೀಲ ಒಯ್ದಿದ್ದೆ.

"ಯಾವ ಚೀಲ ಯಾರಿಗ್ರಿ?" ಅಂತ ಸಾವಕಾರ ಕೇಳಿದ. ಹೇಳಿದೆ. ನಾಯಿ ಚೀಲಕ್ಕ ಒಳಗಿನ ಕೋಣಿಯಿಂದ ಬೆಳ್ಳನ ನುಚ್ಚು ತಂದು ಸುರುವಿದ. ನನ್ನ ಚೀಲಕ್ಕ ಬಾಗಲ ಬಾಜೂಕಿನ ಮೂಟಿಯಿಂದ ತುಂಬಿದ. ಮುಗ್ಗಲು ವಾಸನಿ, ಕೈ ಹಾಕಿದ್ರ ಬರೇ ಕಲ್ಲು. ದರ ಮಾತ್ರ ಎರಡಕ್ಕೂ ಒಂದ.

"ಯಾಕ್ರಿ ಹಿಂಗ?" ಅಂದೆ.

ಅವ ತಕ್ಕಡಿ ಮ್ಯಾಲಿನ ಕಣ್ಣು ತಗೀಲಾರದ ಹೇಳಿದ. "ನಾಯಿ ಮೂಸಿ ನೋಡಿ ಬಿಟ್ಟು ಹೋಗತೈತ್ರಿ. ಚೀಲ ನಮ್ಮ ಅಂಗಡಿಗೇ ವಾಪಸ್ ಬರತೈತಿ. ಮಂದಿ ಆದ್ರ ಕಲ್ಲು ಆರಿಸಿಕೊಂಡು ತಿಂತಾರ."

ಸಿಟ್ಟು ನೆತ್ತಿಗೇರಿತು. ನನ್ನ ಚೀಲ ಅಲ್ಲೇ ಸುರುವಿ, "ಇದನ್ನ ನೀವ ಒಂದು ಹೊತ್ತು ಉಂಡು ತೋರಸ್ರಿ" ಅಂದೆ.

"ನಾವು ಇದನ್ನ ಉಣ್ಣೂದಿಲ್ರಿ" ಅಂದವನ, ಅದನ್ನ ಬಳದು ಮುಂದಿನ ಗಿರಾಕಿಗೆ ತೂಗಾಕ ಹತ್ತಿದ.

ಮುಂದಿನ ಸಲ ಹೋದಾಗ, "ಎರಡೂ ಚೀಲ ನಾಯಿಗೇ ರೀ" ಅಂದೆ. ಅಂಥಾ ನುಚ್ಚು ಆಮ್ಯಾಲೆ ಎಲ್ಲೂ ಸಿಗಲಿಲ್ಲ ಅಂತ ನಮ್ಮ ಮನಿಯಾಕಿ ಇವತ್ತಿಗೂ ಹೇಳತಾಳ. ಅದು ಯಾರ ಹೆಸರಿಲೆ ಬರತಿತ್ತು ಅನ್ನೂದನ್ನ ನಾ ಇನ್ನೂ ಬಾಯಿ ಬಿಟ್ಟಿಲ್ಲ.